ಚೀಟಿಯಿಲ್ಲದ ಶೀಶೆ

"ಬಯಾಪ್ಸಿಗೆ ಕಳಿಸಿದೀವಿ ಕಣ್ರೀ, ಮೆಷೀನಿಗೆ ಹಾಕಿದ್ರೆ ಏನು ಅಂತ ಗೊತ್ತಾಗಿಬಿಡತ್ತಂತೆ."

ಈ ಮಾತನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆಮನೆಯ ಊಟದ ಸಾಲಿನಲ್ಲಿ ಕೇಳಿದ್ದೇನೆ, ಸ್ವಂತ ನಾದಿನಿಯ ಬಾಯಲ್ಲೂ ಕೇಳಿದ್ದೇನೆ. ಹೇಳುವವರ ದನಿಯಲ್ಲಿ ಭಯ ಇರುತ್ತದೆ. ಜೊತೆಗೆ ಒಂದು ನೆಮ್ಮದಿಯೂ ಇರುತ್ತದೆ. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮೆಷೀನು ಸತ್ಯ ಹೇಳುತ್ತದೆ ಎಂಬ ನೆಮ್ಮದಿ. ಆ ನೆಮ್ಮದಿಯನ್ನು ಕೆಡಿಸಲೆಂದೇ ನಾನು ಇದನ್ನು ಬರೆಯಲು ಕೂತಿದ್ದೇನೆ. ಯಾಕೆಂದರೆ ಅಂಥ ಮೆಷೀನು ಇಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಆ 'ಮೆಷೀನು' ಆಗಿದ್ದವಳು ನಾನೇ. ಸರ್ಕಾರಿ ಕಾಲೇಜೊಂದರ ಪ್ಯಾಥಾಲಜಿ ವಿಭಾಗದಲ್ಲಿ, ಆಮೇಲೆ ಜಿಲ್ಲಾ ಕೇಂದ್ರದ ಒಂದು ಸಣ್ಣ ಪ್ರಯೋಗಾಲಯದಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತ, ಎರಡು ಮಕ್ಕಳ ತಾಯಿಯಾದ, ಮಧ್ಯಾಹ್ನ ಮೂರು ಗಂಟೆಗೆ ಕಣ್ಣು ಮಂಜಾಗುತ್ತಿದ್ದ ಒಬ್ಬ ಹೆಂಗಸು.

ಮೊದಲು ನಡೆಯುವುದೇನು ಎಂದು ಹೇಳಿಬಿಡುತ್ತೇನೆ. ನಿಮ್ಮ ಮೈಯಿಂದ ತೆಗೆದ ಚೂರನ್ನು ಫಾರ್ಮಲಿನ್ ಎಂಬ ದ್ರವದಲ್ಲಿ ಹಾಕುತ್ತಾರೆ. ಮಾಂಸ ಕೊಳೆಯದ ಹಾಗೆ ಅದು ಹಿಡಿದಿಡುತ್ತದೆ. ಆಮೇಲೆ ಚೂರಿನ ನೀರಿನಂಶ ತೆಗೆದು, ಮೇಣದಲ್ಲಿ ಅದ್ದಿ ಒಂದು ಅಚ್ಚು ಮಾಡುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತೇವೆ. ಆ ಬ್ಲಾಕನ್ನು ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರೋ ನಾಲ್ಕೋ ಭಾಗದಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲೆ ಅಂಟಿಸಿ ಎರಡು ಬಣ್ಣ ಹಾಕುತ್ತಾರೆ. ಜೀವಕೋಶದ ನಡುವಿನ ಬೀಜ ನೀಲಿಯಾಗುತ್ತದೆ, ಉಳಿದದ್ದು ಗುಲಾಬಿಯಾಗುತ್ತದೆ. ಚೂರನ್ನು ರಾತ್ರಿಯಿಡೀ ದ್ರವದಿಂದ ದ್ರವಕ್ಕೆ ದಾಟಿಸುವ ಯಂತ್ರವೇನೋ ಇದೆ. ಸ್ಲೈಡಿನ ಚಿತ್ರ ತೆಗೆದು ಕಂಪ್ಯೂಟರಿನಿಂದ ಓದಿಸುವ ಪ್ರಯತ್ನಗಳೂ ಈಗ ನಡೆದಿವೆ. ಆದರೆ ನೀಲಿ ಗುಲಾಬಿಗಳ ಆ ರಂಗೋಲಿಯನ್ನು ನೋಡಿ "ಇದು ಕ್ಯಾನ್ಸರು", "ಇದು ಅಲ್ಲ" ಎಂದು ಬರೆದು ಕೆಳಗೆ ಸಹಿ ಹಾಕುವುದು ಮನುಷ್ಯರೇ. ರಿಪೋರ್ಟು ಎಂಬುದು ಒಂದು ಅಭಿಪ್ರಾಯ. ಕಲಿತವರ ಅಭಿಪ್ರಾಯ, ಬಹುಪಾಲು ಸರಿಯಾದ ಅಭಿಪ್ರಾಯ, ಆದರೂ ಅಭಿಪ್ರಾಯವೇ.

ಅಭಿಪ್ರಾಯ ಕೊಡುವವರಿಗೆ ವಿಷಯ ಗೊತ್ತಿರಬೇಕು ತಾನೇ? ನನ್ನ ಜಗಳ ಶುರುವಾಗುವುದೇ ಇಲ್ಲಿಂದ.

ನನ್ನ ಮೇಜಿಗೆ ಬರುತ್ತಿದ್ದ ಶೀಶೆಗಳ ಜೊತೆ ಒಂದು ಚೀಟಿ ಇರಬೇಕೆಂಬುದು ನಿಯಮ. ರೋಗಿಯ ಹೆಸರು, ವಯಸ್ಸು, ಚೂರು ತೆಗೆದ ಜಾಗ, ಕಾಯಿಲೆ ಎಷ್ಟು ದಿನದಿಂದ, ಹಿಂದೆ ಏನು ಚಿಕಿತ್ಸೆ ಆಗಿದೆ, ಎಕ್ಸ್‌ರೇ ಏನು ಹೇಳುತ್ತದೆ, ಹೆಂಗಸಾದರೆ ಕೊನೆಯ ಮುಟ್ಟಿನ ದಿನ ಯಾವುದು. ಹತ್ತು ಹನ್ನೆರಡು ಖಾನೆಗಳ ಫಾರಂ ಅದು. ಅಷ್ಟರಲ್ಲಿ ತುಂಬಿ ಬರುತ್ತಿದ್ದುದು ಹೆಸರು, ವಯಸ್ಸು ಮತ್ತು 'ಗಂಟು' ಎಂಬ ಒಂದು ಪದ. ಎಷ್ಟೋ ಸಲ ಅದೂ ಇಲ್ಲ. ಉಪ್ಪಿನಕಾಯಿ ಶೀಶೆಯ ಮೇಲೆ ಪ್ಲಾಸ್ಟರ್ ಅಂಟಿಸಿ 'ಲಕ್ಷ್ಮಮ್ಮ' ಎಂದು ಗೀಚಿರುತ್ತಿದ್ದರು. ಯಾವ ಲಕ್ಷ್ಮಮ್ಮ? ನಮ್ಮ ಜಿಲ್ಲೆಯಲ್ಲಿ ಬೀದಿಗೆ ಮೂವರು ಲಕ್ಷ್ಮಮ್ಮಂದಿರು.

ಒಂದು ಪ್ರಸಂಗ ಹೇಳುತ್ತೇನೆ. ಇದರಲ್ಲಿ ನಾನೇ ತಪ್ಪಿತಸ್ಥೆ, ಹಾಗಾಗಿ ಹೇಳಲು ನನಗೆ ಹಕ್ಕಿದೆ.

ಒಂದು ಶುಕ್ರವಾರ ಸಂಜೆ ಹದಿಮೂರು ವರ್ಷದ ಹುಡುಗಿಯೊಬ್ಬಳ ಸ್ಲೈಡು ನನ್ನ ಮುಂದೆ ಬಂತು. ಚೀಟಿಯಲ್ಲಿ 'ತೊಡೆಯ ಗಂಟು' ಎಂದಿಷ್ಟೇ. ಸ್ಲೈಡಿನಲ್ಲಿ ಉದ್ದುದ್ದ ಜೀವಕೋಶಗಳು ಒತ್ತೊತ್ತಾಗಿ, ವೇಗವಾಗಿ ಒಡೆದು ಎರಡಾಗುತ್ತ, ಮಧ್ಯೆ ಮಧ್ಯೆ ಎಳೆಮೂಳೆಯ ಎಳೆಗಳನ್ನು ನೇಯುತ್ತಿದ್ದವು. ಆ ವಯಸ್ಸಿನ ಮಕ್ಕಳಲ್ಲಿ, ತೊಡೆಯ ಜಾಗದಲ್ಲಿ, ಆ ಚಿತ್ರ ಕಂಡರೆ ಮೊದಲು ತಲೆಗೆ ಬರುವುದು ಆಸ್ಟಿಯೊಸಾರ್ಕೋಮಾ. ಮೂಳೆಯ ಘೋರ ಕ್ಯಾನ್ಸರು. ಆಗಿನ ದಿನಗಳಲ್ಲಿ ನಮ್ಮ ಕಡೆ ಅದಕ್ಕಿದ್ದ ಉತ್ತರ ಒಂದೇ, ಕಾಲು ತೆಗೆಯುವುದು. ನಾನು ಹಾಗೇ ಬರೆದೆ. ಟೈಪಿಸ್ಟ್‌ಗೆ ಜ್ವರ, ರಜದಲ್ಲಿದ್ದರು. ಕೈಬರಹದ ಹಾಳೆ ಸೋಮವಾರಕ್ಕೆ ಉಳಿಯಿತು.

ಸೋಮವಾರ ಬೆಳಿಗ್ಗೆ ಹುಡುಗಿಯ ತಾಯಿ ವರಾಂಡದಲ್ಲಿ ಕೂತಿದ್ದಳು. ನಮ್ಮಲ್ಲಿಗೆ ರೋಗಿಗಳ ಕಡೆಯವರು ಬರುವುದೇ ಇಲ್ಲ. ಯಾರೋ ದಾರಿ ತೋರಿಸಿದ್ದರಂತೆ. "ಡಾಕ್ಟ್ರಮ್ಮಾ, ನನ್ ಮಗೀದು ಬಂತಾ?" ಎಂದಳು. ಏನು ಹೇಳುವುದೆಂದು ತೋಚದೆ, ಸುಮ್ಮನೆ ಮಾತಿಗೆಂದು, "ಗಂಟು ಯಾವಾಗಿಂದ ಇದೆಯಮ್ಮ?" ಎಂದೆ.

"ಎಲ್ಲಿತ್ತು ತಾಯಿ ಗಂಟು? ಬೇಲಿ ಹಾರಕ್ಕೋಗಿ ಬಿದ್ಲು. ತೊಡೆ ಊದ್ಕಂತು. ಪುತ್ತೂರು ಕಟ್ಟು ಹಾಕೋರತ್ರ ಕರ್ಕೊಂಡೋದ್ವಿ. ಎಣ್ಣೆ ಹಾಕಿ ನೀವಿ ನೀವಿ ಕಟ್ಟಿದ್ರು. ಮೂರು ಸಲ ಹೋದ್ವಿ. ಒಂದು ತಿಂಗಳಾಗೈತೆ. ಆಮೇಲೇ ಈ ಗಂಟು ಬಂದಿದ್ದು."

ನಾನು ಕುರ್ಚಿಯಲ್ಲಿ ಕೂತಿದ್ದೆನೋ ನಿಂತಿದ್ದೆನೋ ನೆನಪಿಲ್ಲ. ಪೆಟ್ಟು ಬಿದ್ದ ಸ್ನಾಯುವಿನಲ್ಲಿ, ಅದರಲ್ಲೂ ಅದನ್ನು ಮತ್ತೆ ಮತ್ತೆ ನೀವಿದರೆ, ಕೆಲವರಿಗೆ ಮೂಳೆ ಹುಟ್ಟಿಕೊಳ್ಳುತ್ತದೆ. ಮಯೋಸೈಟಿಸ್ ಆಸಿಫಿಕಾನ್ಸ್ ಎಂದು ಅದರ ಹೆಸರು. ಮೊದಲ ಕೆಲವು ವಾರ ಅದರ ನಡುಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೇಟ್ ಕ್ಯಾನ್ಸರಿನ ಹಾಗೇ ಕಾಣುತ್ತದೆ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಇದರಲ್ಲಿ ಬಲಿತ ಮೂಳೆ ಹೊರ ಅಂಚಿನಲ್ಲೂ ಎಳೆಯದು ನಡುವೆಯೂ ಇರುತ್ತದೆ. ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಅದು ಉಲ್ಟಾ. ನನಗೆ ಬಂದಿದ್ದ ಚೂರು ನಡುವಿನದು ಮಾತ್ರ. ಓಡಿಹೋಗಿ ಎಕ್ಸ್‌ರೇ ತರಿಸಿದೆ. ಗಂಟಿನ ಸುತ್ತ ಮೊಟ್ಟೆಯ ಚಿಪ್ಪಿನ ಹಾಗೆ ಬಿಳಿ ಗೆರೆ, ಅದಕ್ಕೂ ತೊಡೆಮೂಳೆಗೂ ಮಧ್ಯೆ ಸ್ಪಷ್ಟವಾದ ಅಂತರ. ಹಾಳೆ ಹರಿದೆ. "ಕಾಯ್ದು ನೋಡಿ" ಎಂದು ಬರೆದೆ. ಗಂಟು ತಾನಾಗಿ ಗಟ್ಟಿಯಾಗಿ ಕುಗ್ಗಿತು. ಹುಡುಗಿ ಎರಡು ಕಾಲಿನ ಮೇಲೆ ನಡೆದು ಮನೆಗೆ ಹೋದಳು.

ಯಾರು ಉಳಿಸಿದರು ಆ ಕಾಲನ್ನು? ನಾನಲ್ಲ. ಟೈಪಿಸ್ಟ್‌ನ ಜ್ವರ, ಮತ್ತು ತಡೆಯಲಾರದೆ ವರಾಂಡಕ್ಕೆ ಬಂದ ಆ ತಾಯಿ. ಒಂದು ಹುಡುಗಿಯ ಕಾಲು ಇನ್ನೊಬ್ಬರ ಜ್ವರವನ್ನು ನೆಚ್ಚಿಕೊಂಡಿರಬೇಕೆ? 'ಬಿದ್ದಿದ್ದಾಳೆ, ನಾಟಿ ಕಟ್ಟು ಹಾಕಿಸಿದ್ದಾರೆ' ಎಂಬ ನಾಲ್ಕು ಪದ ಬರೆಯಲು ಆ ಶಸ್ತ್ರವೈದ್ಯರಿಗೆ ಅರ್ಧ ನಿಮಿಷ ಸಾಕಿತ್ತು. ಅವರು ಕೇಳಿರಲಿಲ್ಲ. ಬೈಸಿಕೊಳ್ಳಬೇಕಾದೀತೆಂದು ಮನೆಯವರೂ ಹೇಳಿರಲಿಲ್ಲ. ಮತ್ತು ನಾನು? ಎಕ್ಸ್‌ರೇ ನೋಡದೆ ಮೂಳೆಯ ಬಗ್ಗೆ ಬರೆಯಬಾರದೆಂದು ಪಾಠ ಹೇಳುತ್ತಿದ್ದವಳೇ ಶುಕ್ರವಾರ ಸಂಜೆಯ ಆತುರದಲ್ಲಿ ಅದನ್ನು ಮರೆತಿದ್ದೆ.

ಇನ್ನು ಹೆಂಗಸರ ಶೀಶೆಗಳ ವಿಷಯಕ್ಕೆ ಬರೋಣ. ಫಾರಂನಲ್ಲಿ 'ಕೊನೆಯ ಮುಟ್ಟಿನ ದಿನ' ಎಂಬ ಖಾನೆ ಇದೆಯಲ್ಲ, ಅಷ್ಟು ಖಾಲಿಯಾಗಿ ಬರುವ ಖಾನೆ ಇನ್ನೊಂದಿಲ್ಲ. ಗರ್ಭಕೋಶದ ಒಳಪೊರೆ ತಿಂಗಳಿನುದ್ದಕ್ಕೂ ದಿನದಿನಕ್ಕೆ ವೇಷ ಬದಲಿಸುವ ವಸ್ತು. ಹನ್ನೆರಡನೇ ದಿನ ಸರಿಯಾಗಿರುವ ಚಿತ್ರ ಇಪ್ಪತ್ತೈದನೇ ದಿನ ರೋಗವಾಗಬಹುದು. ತಾರೀಖು ಗೊತ್ತಿಲ್ಲದೆ ಅದನ್ನು ಓದುವುದೆಂದರೆ ಪಂಚಾಂಗವಿಲ್ಲದೆ ಮುಹೂರ್ತ ಇಟ್ಟ ಹಾಗೆ. ಆದರೆ ತಾರೀಖು ಯಾರು ಕೇಳಬೇಕು? ವಾರ್ಡಿನ ಹುಡುಗನಿಗೆ ಸಂಕೋಚ. ಅತ್ತೆಯ ಎದುರಿಗೆ, ಮೈದುನನ ಎದುರಿಗೆ ಹೇಳಲು ಆಕೆಗೆ ನಾಚಿಕೆ. ಡಾಕ್ಟರಿಗೆ ಪುರುಸೊತ್ತಿಲ್ಲ.

ಮುಟ್ಟು ಮುಂದೂಡುವ ಮಾತ್ರೆ ಇನ್ನೊಂದು. ಗೃಹಪ್ರವೇಶ, ಮಗಳ ಮದುವೆ, ಧರ್ಮಸ್ಥಳದ ಪ್ರಯಾಣ, ಗೌರಿಹಬ್ಬ ಎಂದು ವರ್ಷಕ್ಕೆ ನಾಲ್ಕಾರು ಸಲ ನಮ್ಮ ಹೆಂಗಸರು ಔಷಧಿ ಅಂಗಡಿಯಿಂದ ನೇರ ತರಿಸಿ ನುಂಗುತ್ತಾರೆ. 'ಮಾತ್ರೆ ತಗೋತೀರಾ?' ಎಂದು ಡಾಕ್ಟರು ಕೇಳಿದರೆ 'ಇಲ್ಲ' ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಔಷಧಿಯಲ್ಲ, ಹಬ್ಬದ ಸಾಮಾನು. ಆ ಮಾತ್ರೆಯಲ್ಲಿರುವುದು ಹಾರ್ಮೋನು. ಅದರಿಂದ ಗರ್ಭಕೋಶದ ಒಳಪೊರೆ ಬಸುರಿಯ ಪೊರೆಯಂತೆ ಉಬ್ಬಿ, ಗ್ರಂಥಿಗಳು ಸೊರಗಿ, ನೋಡುವವರ ತಲೆ ಕೆಡಿಸುತ್ತದೆ. ಬಸಿರಿನ ವಿಷಯವೂ ಹೀಗೇ. ಬಸಿರಿದ್ದಾಗ, ಗರ್ಭ ಇಳಿದುಹೋದಾಗ, ಗರ್ಭಕೋಶದ ಹೊರಗೆ ಬಸಿರು ನಿಂತಾಗ ಕೂಡ ಒಳಪೊರೆಯ ಗ್ರಂಥಿಗಳಲ್ಲಿ ಬೀಜಗಳು ದಪ್ಪಗೆ, ಕಪ್ಪಗೆ, ಅಡ್ಡಾದಿಡ್ಡಿಯಾಗಿ ಕಾಣುತ್ತವೆ. ಪೆರು ದೇಶದ ಹಾವಿಯೆರ್ ಆರಿಯಾಸ್ ಸ್ಟೆಲ್ಲಾ ಎಂಬ ವೈದ್ಯರು 1954ರಲ್ಲಿ ಇದನ್ನು ವರ್ಣಿಸಿ, ಇದು ಬಸಿರಿನ ಗುರುತು, ಕ್ಯಾನ್ಸರಲ್ಲ ಎಂದು ತೋರಿಸಿಕೊಟ್ಟರು. 'ಎರಡು ತಿಂಗಳಿಂದ ಮುಟ್ಟಾಗಿಲ್ಲ' ಎಂಬ ಮೂರು ಪದ ಚೀಟಿಯಲ್ಲಿ ಇಲ್ಲದಿದ್ದರೆ ಇಂದಿಗೂ ಅದು ಕ್ಯಾನ್ಸರಿನ ವೇಷ ಹಾಕಿಕೊಂಡೇ ಬರುತ್ತದೆ.

ನಾಚಿಕೆಗೆ ನಾವು ತೆರುವ ಬೆಲೆ ಇದು. ಇದನ್ನು ಸಂಸ್ಕೃತಿ ಅನ್ನಲು ನಾನು ಸಿದ್ಧಳಿಲ್ಲ.

"ಹಾಗಾದರೆ ನೀವು ಕಲಿತದ್ದೇನು? ಚೀಟಿ ಇಲ್ಲದಿದ್ದರೆ ಹೇಳಲಾಗದೆ?" ಎಂದು ನೀವು ಕೇಳಬಹುದು. ಶಸ್ತ್ರವೈದ್ಯರೊಬ್ಬರು ನನ್ನ ಮುಖಕ್ಕೇ ಹೇಳಿದ್ದರು: "ನಾನು ಮೊದಲೇ ಕ್ಯಾನ್ಸರ್ ಅಂತ ಬರೆದುಕೊಟ್ಟರೆ ನೀವೂ ಅದನ್ನೇ ಹೇಳ್ತೀರಿ. ಏನೂ ಹೇಳದೆ ಕಳಿಸಿದರೇ ನಿಮ್ಮ ಪರೀಕ್ಷೆ." ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ಮುಂಚೆಯೇ ಕಿವಿಗೆ ಬಿದ್ದದ್ದು ಕಣ್ಣನ್ನು ಎಳೆಯುತ್ತದೆ. ಅದಕ್ಕೇ ನನ್ನ ಗುರುಗಳು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮೊದಲು ಚೀಟಿ ಮಗುಚಿಟ್ಟು ಸ್ಲೈಡು ನೋಡುವುದು, ಮನಸ್ಸಿನಲ್ಲಿ ಒಂದು ಉತ್ತರ ಹಿಡಿದುಕೊಳ್ಳುವುದು, ಆಮೇಲೆ ಚೀಟಿ ಓದಿ ಮತ್ತೆ ನೋಡುವುದು. ಎರಡೂ ಹೊಂದಿದರೆ ಸಹಿ, ಹೊಂದದಿದ್ದರೆ ಫೋನು. ಮಗುಚಿಡಲಿಕ್ಕಾದರೂ ಚೀಟಿ ಇರಬೇಕಲ್ಲ? ಮತ್ತೆ, ಪರೀಕ್ಷೆ ಯಾರದು ಸ್ವಾಮಿ? ನಾನು ಫೇಲಾದರೆ ನನ್ನ ಅಂಕ ಹೋಗುವುದಿಲ್ಲ. ಯಾರದೋ ಕಾಲು ಹೋಗುತ್ತದೆ, ಯಾರದೋ ಮೊಲೆ ಹೋಗುತ್ತದೆ.

ಎಲ್ಲ ಸರಿಯಿದ್ದರೂ ಈ ಕೆಲಸ ಕಷ್ಟವೇ. ಇದನ್ನು ನಮ್ಮವರು ಹೊರಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ. 2015ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 115 ಮಂದಿ ಪ್ಯಾಥಾಲಜಿಸ್ಟರಿಗೆ ಸ್ತನದ ಬಯಾಪ್ಸಿಯ ಸ್ಲೈಡುಗಳನ್ನು ಕೊಟ್ಟು, ಅವರ ಉತ್ತರಗಳನ್ನು ಮೂವರು ತಜ್ಞರ ಒಮ್ಮತದ ಉತ್ತರದ ಜೊತೆ ಹೋಲಿಸಿದರು. ಸುತ್ತ ಹಬ್ಬಿದ ಕ್ಯಾನ್ಸರಿನಲ್ಲಿ ನೂರಕ್ಕೆ 96 ಉತ್ತರಗಳು ಹೊಂದಿದವು. ಅಷ್ಟರ ಮಟ್ಟಿಗೆ ನಮ್ಮನ್ನು ನಂಬಬಹುದು. ಆದರೆ ಕ್ಯಾನ್ಸರೂ ಅಲ್ಲದ, ಪೂರ್ತಿ ನಿರಪಾಯವೂ ಅಲ್ಲದ ನಡುವಿನ ಒಂದು ಸ್ಥಿತಿ ಇದೆ, 'ಅಟಿಪಿಯಾ' ಎನ್ನುತ್ತೇವೆ. ಅಲ್ಲಿ ಹೊಂದಿದ್ದು ನೂರಕ್ಕೆ 48. ಅರ್ಧಕ್ಕೂ ಕಡಿಮೆ! ಒಬ್ಬೊಬ್ಬ ರೋಗಿಯದು ಒಂದೇ ಸ್ಲೈಡು ಕೊಟ್ಟಿದ್ದರು, ಇನ್ನೊಬ್ಬರನ್ನು ಕೇಳುವ ಅವಕಾಶವಿರಲಿಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಆದರೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಒಬ್ಬರೇ ಕೂತು ನೋಡುವವರ ಸ್ಥಿತಿಯೂ ಅದೇ ಅಲ್ಲವೇ?

ಗರ್ಭಕೋಶದ ಒಳಪೊರೆಯ ಕಥೆ ಇನ್ನೂ ಕಠಿಣ. 2006ರಲ್ಲಿ, ಅಮೆರಿಕದ್ದೇ, ಇನ್ನೊಂದು ಅಧ್ಯಯನ ಬಂತು. 'ಕ್ಯಾನ್ಸರಿಗೆ ಮುಂಚಿನ ಹಂತ' ಎಂದು ರಿಪೋರ್ಟು ಪಡೆದ ಹೆಂಗಸರ ಸ್ಲೈಡುಗಳನ್ನು ತಜ್ಞರ ತಂಡ ಮತ್ತೆ ನೋಡಿತು. ಮೊದಲ ರಿಪೋರ್ಟನ್ನು ತಂಡದ ಬಹುಮತ ಒಪ್ಪಿದ್ದು ನೂರಕ್ಕೆ 38 ಜನರಲ್ಲಿ. ಸುಮಾರು ಕಾಲು ಭಾಗದವರಿಗೆ ಅಷ್ಟು ಕೂಡ ಇರಲಿಲ್ಲ. ಇನ್ನೊಂದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಆಗಲೇ ಕ್ಯಾನ್ಸರಿತ್ತು. ನೋಡಿ, ತಪ್ಪು ಎರಡೂ ಕಡೆಗೆ ಬೀಳುತ್ತದೆ. ಒಬ್ಬಳಿಗೆ ಬೇಡದ ಕತ್ತರಿ, ಇನ್ನೊಬ್ಬಳಿಗೆ ಬೇಕಾದ ಚಿಕಿತ್ಸೆ ತಡ.

ಹೆಸರುಗಳೇ ಬದಲಾದದ್ದೂ ಉಂಟು. ಥೈರಾಯ್ಡ್ ಗ್ರಂಥಿಯ ಒಂದು ಬಗೆಯ ಗಂಟನ್ನು, ಅದು ತನ್ನ ಚೀಲದೊಳಗೆ ಅಚ್ಚುಕಟ್ಟಾಗಿ ಮುದುರಿಕೊಂಡಿದ್ದರೂ, ಬೀಜಗಳ ರೂಪ ನೋಡಿ ಕ್ಯಾನ್ಸರೆಂದೇ ಕರೆಯುತ್ತಿದ್ದೆವು. ಅಂಥ 109 ಜನರನ್ನು 10ರಿಂದ 26 ವರ್ಷ ಗಮನಿಸಿ ನೋಡಿದರೆ ಎಲ್ಲರೂ ಬದುಕಿದ್ದರು, ಯಾರಿಗೂ ರೋಗ ಮರುಕಳಿಸಿರಲಿಲ್ಲ. 2016ರಲ್ಲಿ ಜಗತ್ತಿನ ತಜ್ಞರು ಸೇರಿ ಅದರ ಹೆಸರಿನಿಂದ ಕ್ಯಾನ್ಸರ್ ಎಂಬ ಪದವನ್ನೇ ಕಿತ್ತುಹಾಕಿದರು. ಆ ಪದ ಹೊತ್ತುಕೊಂಡು, ಮದುವೆ ಮುರಿದುಕೊಂಡು, ಮಗು ಬೇಡವೆಂದುಕೊಂಡು ಬದುಕಿದ ಹೆಣ್ಣುಮಕ್ಕಳು ನಮ್ಮಲ್ಲೂ ಇದ್ದಾರು. ಅವರಿಗೆ ಯಾರಾದರೂ ಕಾಗದ ಬರೆದು ತಿಳಿಸಿದರೇ?

ದೊಡ್ಡವರೂ ತಪ್ಪಿದ್ದಾರೆ. 1896ರಲ್ಲಿ ಜರ್ಮನಿಯ ಕ್ರುಕೆನ್‌ಬರ್ಗ್ ಅಂಡಾಶಯದ ಹೊಸ ಗಡ್ಡೆಯೊಂದನ್ನು ಕಂಡೆನೆಂದು ಬರೆದ. ಅದು ಅಂಡಾಶಯದಲ್ಲಿ ಹುಟ್ಟಿದ್ದಲ್ಲ, ಬಹುಪಾಲು ಜಠರದ ಕ್ಯಾನ್ಸರು ಅಲ್ಲಿಗೆ ಇಳಿದು ಬಂದದ್ದು ಎಂದು ಕೆಲವೇ ವರ್ಷಗಳಲ್ಲಿ ತಿಳಿಯಿತು. ಇಂದಿಗೂ ಅಂಡಾಶಯದ ಶೀಶೆ ಬಂದಾಗ 'ಆಕೆಗೆ ಊಟ ಸೇರುತ್ತಿದೆಯೇ, ಹೊಟ್ಟೆ ನೋವಿದೆಯೇ' ಎಂದು ಕೇಳಬೇಕಾಗುತ್ತದೆ. ಸೋಫಿ ಸ್ಪಿಟ್ಜ್ ಎಂಬ ಅಮೆರಿಕದ ಪ್ಯಾಥಾಲಜಿಸ್ಟ್, ನಮ್ಮಂತೆಯೇ ಹೆಣ್ಣು, 1948ರಲ್ಲಿ ಹದಿಮೂರು ಮಕ್ಕಳ ಚರ್ಮದ ಗಂಟುಗಳ ಬಗ್ಗೆ ಬರೆದರು. ಸೂಕ್ಷ್ಮದರ್ಶಕದಲ್ಲಿ ಅವು ಮೆಲನೋಮಾ ಎಂಬ ಮಾರಕ ಕ್ಯಾನ್ಸರಿನಂತೆಯೇ ಇದ್ದವು. ಆದರೆ ಒಂದು ಮಗುವನ್ನು ಬಿಟ್ಟು ಉಳಿದವು ಬದುಕಿದವು. ಗಾಜಿನ ಮೇಲೆ ಕಂಡದ್ದಕ್ಕೂ ಮಗು ಬದುಕಿದ್ದಕ್ಕೂ ತಾಳೆಯಾಗದಿದ್ದಾಗ ಆಕೆ ಗಾಜನ್ನೇ ನಂಬಿ ಕೂರಲಿಲ್ಲ. ಬಾಲ್ಯದ ಈ ಗಂಟುಗಳನ್ನು ಬೇರೆಯಾಗಿ ನೋಡಬೇಕೆಂದು ಜಗತ್ತಿಗೆ ತೋರಿಸಿದರು.

ಇಷ್ಟೆಲ್ಲ ಹೇಳಿದ್ದು ಬಯಾಪ್ಸಿ ಬೇಡವೆನ್ನಲು ಎಂದು ಯಾರಾದರೂ ತಿಳಿದರೆ ನನಗೆ ಬಹಳ ನೋವಾಗುತ್ತದೆ. 'ಬಯಾಪ್ಸಿ ಮಾಡಿಸಿದರೆ ರೋಗ ಹರಡುತ್ತದೆ' ಎಂದು ಹೆದರಿ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಹೊಟ್ಟೆಯಲ್ಲಿ ನೀರು ತುಂಬಿ, ಸಿಎ-125 ಎಂಬ ರಕ್ತಪರೀಕ್ಷೆ ಏರಿ, ಸ್ಕ್ಯಾನಿನಲ್ಲಿ ಗಡ್ಡೆ ಕಂಡು, ಅಂಡಾಶಯದ ಕ್ಯಾನ್ಸರೇ ಎಂದು ಮನೆಯವರೆಲ್ಲ ಅತ್ತು ಮುಗಿಸಿದ ಮೇಲೆ, ಚೂರು ತೆಗೆದು ನೋಡಿದರೆ ಕ್ಷಯ! ಆರು ತಿಂಗಳ ಮಾತ್ರೆಯಲ್ಲಿ ಗುಣವಾಗುವ ಕ್ಷಯ. ಹಾಲೂಡಿಸಿ ಒಂದೆರಡು ವರ್ಷವಾದ ತಾಯಂದಿರ ಸ್ತನದಲ್ಲಿ ಕಲ್ಲಿನಂಥ ಗಂಟಾಗಿ, ಕೈಗೆ, ಎಕ್ಸ್‌ರೇಗೆ ಎಲ್ಲಕ್ಕೂ ಕ್ಯಾನ್ಸರಿನಂತೆ ಕಂಡು, ಕೊನೆಗೆ ಬರೀ ಉರಿಯೂತ ಎಂದು ತಿಳಿಯುವುದೂ ಬಯಾಪ್ಸಿಯಿಂದಲೇ. ಬಯಾಪ್ಸಿ ಬೇಕು. ಆದರೆ ಅದನ್ನು ಸರಿಯಾಗಿ ಮಾಡಿ, ಸರಿಯಾಗಿ ಕಳಿಸಿ, ಸರಿಯಾಗಿ ಓದಿ ಎಂಬುದಷ್ಟೇ ನನ್ನ ಹಟ.

ಸರಿಯಾಗಿ ಕಳಿಸುವುದು ಎಂದೆ. ನಮ್ಮ ಊರುಗಳಲ್ಲಿ ತೆಗೆದ ಗರ್ಭಕೋಶವನ್ನು ಗಂಡನ ಕೈಗೆ ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟು "ಲ್ಯಾಬಿಗೆ ಕೊಟ್ಟು ಬನ್ನಿ" ಎನ್ನುತ್ತಾರೆ. ಅವನು ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಬಂದದ್ದನ್ನು ಕಂಡಿದ್ದೇನೆ. ಉಪ್ಪುನೀರಿನಲ್ಲಿ ಬಂದದ್ದಿದೆ, ಏನೂ ಇಲ್ಲದೆ ಒಣಗಿ ಬಂದದ್ದಿದೆ. ಚೂರಿನ ಹತ್ತರಷ್ಟು ಫಾರ್ಮಲಿನ್ ಇರಬೇಕು. ಗರ್ಭಕೋಶದಂಥ ದಪ್ಪ ಅಂಗವನ್ನು ಸೀಳಿ ಹಾಕಬೇಕು, ಯಾಕೆಂದರೆ ದ್ರವ ಒಳಗಿಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರು. ಹಾಗೇ ಮುಳುಗಿಸಿದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆತಿರುತ್ತದೆ. ಕೊಳೆತ ಚೂರನ್ನು ಬ್ರಹ್ಮನೂ ಓದಲಾರ.

ಕಳಿಸದೇ ಇರುವವರದು ಇನ್ನೂ ದೊಡ್ಡ ಪಾಪ. ಗರ್ಭಕೋಶ ತೆಗೆದ ಮೇಲೆ ಅದು ಕಸದ ಬುಟ್ಟಿಗೆ. ಯಾಕೆ? ಪರೀಕ್ಷೆಗೆ ದುಡ್ಡು ದಂಡ ಎನ್ನುತ್ತಾರೆ. ಇನ್ನೊಂದು ಕಾರಣ ನಾನು ಹೇಳುತ್ತೇನೆ. ಕಳಿಸಿದರೆ ನಮ್ಮಂಥವರು 'ಅಂಗದಲ್ಲಿ ರೋಗವಿಲ್ಲ' ಎಂದು ಬರೆದುಬಿಡುತ್ತೇವೆ. ಮೂವತ್ತು ದಾಟದ ಹೆಂಗಸರ ಗರ್ಭಕೋಶಗಳು, ಒಂದಾದ ಮೇಲೊಂದು, ಯಾವ ರೋಗವೂ ಇಲ್ಲದೆ ನನ್ನ ಮೇಜಿನ ಮೇಲೆ ಬಂದು ಕೂತ ದಿನಗಳಿವೆ. ಹಾಗೆಂದು ಬರೆದೆ. ಕೆಲವು ದಿನಗಳ ನಂತರ ಆ ಕಡೆಯಿಂದ ಶೀಶೆಗಳು ಬರುವುದೇ ನಿಂತಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಬಡ ಹೆಂಗಸರಿಗೆ ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ಮಾಡಿದ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಿತು. ಮಾರ್ಗಸೂಚಿ ಒಳ್ಳೆಯದೇ. ಆದರೆ ನಮ್ಮ ಹೆಂಗಸರು 'ತೆಗೆದದ್ದರ ರಿಪೋರ್ಟು ಕೊಡಿ' ಎಂದು ಕೇಳಲು ಕಲಿಯುವವರೆಗೆ ಅದು ಕಾಗದ.

ನಮ್ಮವರನ್ನೂ ನಾನು ಬಿಡುವುದಿಲ್ಲ. 'ಗೊತ್ತಾಗಲಿಲ್ಲ, ಇನ್ನೊಬ್ಬರಿಗೆ ತೋರಿಸುತ್ತೇನೆ' ಎಂದರೆ ಮಾನ ಹೋಗುತ್ತದೆಂದು ತಿಳಿಯುವವರು ನಮ್ಮಲ್ಲಿದ್ದಾರೆ. ಸಂಶಯವಿದ್ದಾಗ ಫೋನು ಮಾಡುವ ಬದಲು 'ರೋಗಿಯ ಲಕ್ಷಣಗಳೊಂದಿಗೆ ಹೋಲಿಸಿ ನೋಡುವುದು' ಎಂದು ಕೊನೆಗೆ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತೇವೆ. ಹೋಲಿಸಬೇಕಾದವರು ನಾವೂ ಹೌದಲ್ಲವೇ? ರೋಗಿಯ ಕಡೆಯವರು ಸ್ಲೈಡು ಕೇಳಿದರೆ 'ನಮ್ಮ ಮೇಲೆ ನಂಬಿಕೆ ಇಲ್ವಾ' ಎಂದು ಮುಖ ಸಿಂಡರಿಸುತ್ತೇವೆ. ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾದಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹೊರಗಿನಿಂದ ಬಂದ ರೋಗಿಯ ಸ್ಲೈಡುಗಳನ್ನು ತಾವೇ ಇನ್ನೊಮ್ಮೆ ನೋಡುವುದು ವಾಡಿಕೆ. ಅದು ಅವಮಾನವಲ್ಲ, ಕ್ರಮ. ಎರಡನೆಯ ಕಣ್ಣಿಗೆ ಹೆದರುವವರು ಮೊದಲನೆಯ ಕಣ್ಣಾಗಲು ಲಾಯಕ್ಕಿಲ್ಲ.

ಕೊನೆಗೆ ಮನೆಯವರು. ರಿಪೋರ್ಟು ಬಂದರೆ ಅದನ್ನು ಓದುವವನು ಗಂಡ, ಮಗ, ಅಳಿಯ. 'ಅವಳಿಗೆ ಹೇಳಬೇಡಿ, ತಡ್ಕೊಳಲ್ಲ' ಎನ್ನುತ್ತಾರೆ. ಹೆರಿಗೆ ತಡೆದುಕೊಂಡವಳು, ಸೀಮೆಎಣ್ಣೆ ಸ್ಟವ್ವಿನ ಎದುರು ಮೂವತ್ತು ವರ್ಷ ನಿಂತವಳು ನಾಲ್ಕು ಸಾಲಿನ ಕಾಗದ ತಡೆದುಕೊಳ್ಳುವುದಿಲ್ಲವೇ? ರೋಗ ಯಾರ ಮೈಯಲ್ಲಿದೆಯೋ ಅವರಿಗೇ ಅದರ ಹೆಸರು ಗೊತ್ತಿಲ್ಲದಿದ್ದರೆ ಇನ್ನೊಬ್ಬ ಡಾಕ್ಟರ ಎದುರು ಆಕೆ ಏನೆಂದು ಹೇಳಬೇಕು? ಆಗ ಚೀಟಿ ಮತ್ತೆ ಖಾಲಿಯೇ.

ಆದ್ದರಿಂದ ಅಕ್ಕಂದಿರೇ, ತಂಗಿಯರೇ, ನಿಮ್ಮನ್ನು ನಾನು ಕೇಳಿಕೊಳ್ಳುವುದು ಇಷ್ಟು. ಚೂರು ತೆಗೆಯುವ ದಿನ ಪರೀಕ್ಷೆಯ ಫಾರಂ ತೋರಿಸಿ ಎನ್ನಿ. ನಿಮ್ಮ ಹೆಸರಿನ ಜೊತೆ ವಯಸ್ಸು, ತಂದೆಯ ಅಥವಾ ಗಂಡನ ಹೆಸರು ಇದೆಯೇ, ಶೀಶೆಯ ಮೇಲೂ ಅದೇ ಇದೆಯೇ ನೋಡಿ. ಕೊನೆಯ ಮುಟ್ಟಿನ ದಿನವನ್ನು ನೀವೇ ಬಾಯಿಬಿಟ್ಟು ಹೇಳಿ, ಬರೆಸಿ. ನುಂಗಿದ ಮಾತ್ರೆ ಹಬ್ಬದ್ದಾದರೂ ಹೇಳಿ, ಹಾಕಿಸಿದ ಕಟ್ಟು ನಾಟಿಯದಾದರೂ ಹೇಳಿ. ಬೈದರೆ ಬೈಯಲಿ, ಬೈಗುಳದಿಂದ ಕಾಲು ಹೋಗುವುದಿಲ್ಲ. ಹಿಂದೆ ಆಪರೇಷನ್ ಆಗಿದ್ದರೆ ಆಗಿನ ರಿಪೋರ್ಟು ತೆಗೆದುಕೊಂಡು ಹೋಗಿ. ತೆಗೆದದ್ದೆಲ್ಲ ಪರೀಕ್ಷೆಗೆ ಹೋಯಿತೇ ಎಂದು ಕೇಳಿ. ರಿಪೋರ್ಟು ಬಂದ ಮೇಲೆ ನಿಮ್ಮ ಕೈಗೆ ಒಂದು ಪ್ರತಿ ಕೊಡಲು ಹೇಳಿ, ಸೀರೆಗಳ ಜೊತೆ ಬೀರುವಿನಲ್ಲಿ ಇಡಿ. ಅದರಲ್ಲಿ ದೊಡ್ಡ ನಿರ್ಧಾರಕ್ಕೆ ಕಾರಣವಾಗುವ ಮಾತಿದ್ದರೆ, ಅಂಗ ತೆಗೆಯುವ ಮಾತಿದ್ದರೆ, ಸ್ಲೈಡು ಮತ್ತು ಬ್ಲಾಕು ಎರಡನ್ನೂ ಪಡೆದು ಇನ್ನೊಬ್ಬರಿಗೆ ತೋರಿಸಿ. ಬ್ಲಾಕು ಮೇಣದ್ದು, ಬಿಸಿಲಿಗೆ ಇಡಬೇಡಿ. ಕೆಲವು ದಿನ ತಡವಾದೀತು. ಬಹುಪಾಲು ಗಡ್ಡೆಗಳು ಅಷ್ಟು ದಿನ ಕಾಯುತ್ತವೆ. ಕಾಯಲಾಗದ್ದಾದರೆ ನಿಮ್ಮ ಡಾಕ್ಟರೇ ಹೇಳುತ್ತಾರೆ, ಕೇಳಿ.

ಆ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಫಾರಂ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ಆದರೂ ಬಂದು ಕೂತಳು, ಕೇಳಿದಳು, ನನಗೆ ಬೇಕಾದದ್ದನ್ನು ಬಾಯಲ್ಲೇ ಬರೆದುಕೊಟ್ಟಳು. ಓದು ಬಲ್ಲ ನಾವು ಅಷ್ಟೂ ಮಾಡದಿದ್ದರೆ ಹೇಗೆ?